ಏಲಕ್ಕಿಗೆ ಕಟ್ಟೆ ರೋಗ, ಅಂಗಡಿಯವ್ರು ಕೊಟ್ಟ "ವೈರಸ್ ಔಷಧಿ" ಹೊಡೀಬಹುದಾ?

ಮಲೆತೋಟ
ಎಲ್ರಿಗೂ ನಮಸ್ಕಾರ. ಕೊಡಗಿನ ಗಾಳಿಬೀಡು ಕಡೆ ನಮ್ದು ಒಂದೂವರೆ ಎಕ್ರೆ ಏಲಕ್ಕಿ, ಕಾಫಿ ಬೇರೆ ಇದೆ. ಹೋದ್ ವರ್ಷ ಹೊಸ ಕಂದು (ಗಡ್ಡೆಯಿಂದ ಒಡೆಯೋ ಮರಿ ಗಿಡ) ಇಟ್ಟ ಜಾಗದಲ್ಲಿ ಮಳೆ ಪೂರ್ತಿ ಬಿಟ್ಟ್ಮೇಲೆ ಈಗ ಹೋಗಿ ನೋಡಿದ್ರೆ ಒಂದಿಪ್ಪತ್ತು ಬುಡದಲ್ಲಿ ಎಲೆ ಒಂಥರಾ ಆಗಿದೆ. ಸುಳಿ ಎಲೆನ ಬೆಳಕಿಗೆ ಹಿಡಿದ್ರೆ ನಡುನರದಿಂದ ಅಂಚಿನ ಕಡೆಗೆ ತಿಳಿಹಸ್ರು ಗೆರೆಗಳು, ಪೂರ್ತಿ ಗೆರೆನೂ ಅಲ್ಲ, ಮಧ್ಯ ಮಧ್ಯ ಕಡಿದು ಹೋದ ಹಾಗೆ. ಹೊಸ ಕಂದುಗಳು ಸಣಕಲು. ಪಕ್ಕದ ತೋಟದವ್ರು ಬಂದು ನೋಡಿ ಇದು ಕಟ್ಟೆ ಅಂದ್ಬಿಟ್ಟು ಹೋದ್ರು, ಮುಖ ನೋಡಿದ್ರೆ ಸಾವಿನ ಮನೆಗೆ ಬಂದೋರ ಥರ ಇತ್ತು.

ಶುಕ್ರವಾರ ಸಂತೆಗೆ ಹೋದಾಗ ಅಂಗಡಿಲಿ ಎಲೆ ತೋರಿಸ್ದೆ. ಒಂದು ಬಾಟ್ಲಿ, ಜೊತೆಗೆ ಒಂದು ಆಂಟಿಬಯಾಟಿಕ್ ಪುಡಿ ಪೊಟ್ಟಣ ಕೊಟ್ರು, ಎರಡೂ ಸೇರಿಸಿ ಹದಿನೈದು ದಿನಕ್ಕೊಂದ್ಸಲ ಹೊಡೀರಿ ವೈರಸ್ ಸಾಯ್ತದೆ ಅಂತ. ಬಿಲ್ 1,450. ಹೊಡೀಲಾ ಬೇಡ್ವಾ?

ಕಾಫಿಕಣ
ಹೊಡೀಬೇಡಿ. ಬಿಲ್ ಇದ್ರೆ ವಾಪಸ್ ಕೊಡಿ. ಕಟ್ಟೆ ಬಂದ ಬುಡ ಕಿತ್ತು ಬಿಸಾಕೋದು ಬಿಟ್ಟು ಬೇರೆ ದಾರಿ ಇಲ್ಲ, ನಮ್ಮಪ್ಪ ಇದೇ ಮಾಡ್ತಿದ್ರು ನಾವೂ ಇದೇ ಮಾಡಿದ್ದು. ಆಮೇಲೆ ಏಲಕ್ಕಿನೇ ತೆಗೆದು ಕಾಫಿ ಹಾಕಿದ್ವಿ ಅದು ಬೇರೆ ಮಾತು.

ಶನಿವಾರಸಂತೆ_ಮೆಣಸು
ಅಣ್ಣ ಪೂರ್ತಿ ಕೀಳೋದು ಯಾಕೆ? ರೋಗದ ಎಲೆ ಮಾತ್ರ ಕತ್ತರಿಸಿ ಬೇವಿನೆಣ್ಣೆ ಹೊಡೆದ್ರೆ ಆಗಲ್ವಾ? ನಮ್ಮ ಹಸಿ ಮೆಣಸಿನಕಾಯಿಗೆ ಮುರುಟು ಬಂದಾಗ ಹಾಗೇ ಮಾಡ್ತೀವಿ, ಸುಮಾರು ಚೇತರಿಸ್ಕೊಳತ್ತೆ.

ಸೂಕ್ಷ್ಮದರ್ಶಕಿ
ನಾಪೋಕ್ಲು ಕಡೆಯವಳು, ಮೈಕ್ರೋಬಯಾಲಜಿ ಓದಿ ಆರೇಳು ವರ್ಷ ಲ್ಯಾಬಲ್ಲಿದ್ದು ಈಗ ಮನೇಲಿ ತೋಟ ನೋಡ್ಕೋತಿದೀನಿ. ಸ್ವಲ್ಪ ಉದ್ದ ಬರೀತೀನಿ ಬೇಜಾರಾಗ್ಬೇಡಿ.

ಮೆಣಸಿನಕಾಯಿ ಮುರುಟು ಬರೀ ನುಸಿ ಮತ್ತೆ ಥ್ರಿಪ್ಸ್ ರಸ ಹೀರಿದ್ರಿಂದಾನೂ ಬರತ್ತೆ, ಅದಾದ್ರೆ ಚೇತರಿಸ್ಕೊಳತ್ತೆ. ವೈರಸ್ ಮುರುಟು ಬೇರೆ. ಎರಡನ್ನೂ ಒಂದೇ ಹೆಸ್ರಲ್ಲಿ ಕರೆಯೋದ್ರಿಂದ ಈ ಗಲಾಟೆ.

ಕಟ್ಟೆ ವೈರಸ್ ಅಂದ್ರೆ ಬಾಗೋ ಕಡ್ಡಿ ಥರದ್ದು. ಉದ್ದ ಸುಮಾರು 700 ನ್ಯಾನೋಮೀಟರ್, ಒಂದು ಮಿಲಿಮೀಟರಲ್ಲಿ ಉದ್ದುದ್ದ ಜೋಡಿಸಿದ್ರೆ ಸಾವಿರದ ನಾನೂರು ಹಿಡಿಯತ್ತೆ. ಒಳಗೆ ಒಂದೇ ಒಂದು ಆರ್‌ಎನ್‌ಎ ಎಳೆ, ಅದರಲ್ಲಿ ಎಂಟು ಸಾವಿರ ಚಿಲ್ರೆ ಅಕ್ಷರ ಅಷ್ಟೇ. ನಮ್ಮ ನಿಮ್ಮ ಡಿಎನ್‌ಎ 300 ಕೋಟಿ ಅಕ್ಷರ. ಹೊರಗಡೆ ಪ್ರೋಟೀನಿನ ಕವಚ. ಮುಗೀತು. ಬಾಯಿಲ್ಲ, ಹೊಟ್ಟೆಯಿಲ್ಲ, ಉಸಿರಾಟ ಇಲ್ಲ, ಕೈಗೆ ಸಿಕ್ಕಿದ್ರೂ ಅದು ಏನೂ ಮಾಡ್ತಿರಲ್ಲ ಸುಮ್ನೆ ಬಿದ್ದಿರತ್ತೆ.

ತೋಟದ ಲೆಕ್ಕದಲ್ಲಿ ಹೇಳ್ತೀನಿ. ಬೆಳಿಗ್ಗೆ ರೈಟರ್ (ತೋಟದ ಗುಮಾಸ್ತ) ಚೀಟಿ ಕೊಟ್ರೆ ಆಳುಗಳು ಅದರಲ್ಲಿದ್ದ ಕೆಲ್ಸಕ್ಕೆ ಹೋಗ್ತಾರೆ ಅಲ್ವಾ, ಚೀಟಿ ಬರೆದದ್ದು ಯಾರು ಅಂತ ಅವ್ರು ಕೇಳಲ್ಲ. ಗಿಡದ ಜೀವಕೋಶದಲ್ಲಿ ಪ್ರೋಟೀನ್ ಮಾಡೋ ರೈಬೋಸೋಮ್‌ಗಳೂ ಹಾಗೇನೇ. ಹೇನು, ಅಂದ್ರೆ ಗಿಡದ ರಸ ಹೀರೋ ಸಣ್ಣ ಗಿಡಹೇನು, ತನ್ನ ಸೂಜಿ ಬಾಯಿ ಚುಚ್ಚಿದಾಗ ವೈರಸ್ ಒಳಗೆ ಹೋಗತ್ತೆ, ಕವಚ ಕಳಚತ್ತೆ, ಉಳಿಯೋದು ಆರ್‌ಎನ್‌ಎ ಅನ್ನೋ ಕಳ್ಳ ಚೀಟಿ. ಆಳುಗಳು ಅದನ್ನ ಓದಿ ಕೆಲ್ಸ ಶುರು ಮಾಡ್ತಾರೆ. ಈ ಜಾತಿ ವೈರಸ್ಸಿನ ಕಿಲಾಡಿತನ ಏನಂದ್ರೆ ಅದು ಬೇರೆ ಬೇರೆ ಪ್ರೋಟೀನಿಗೆ ಬೇರೆ ಬೇರೆ ಚೀಟಿ ಬರೆಯಲ್ಲ, ಒಂದೇ ಉದ್ದಾನುದ್ದ ಪ್ರೋಟೀನ್ ನೇಯಿಸತ್ತೆ, ಅದರೊಳಗೇ ಕತ್ತರಿನೂ ಇರತ್ತೆ, ಆ ಕತ್ತರಿ ಉದ್ದ ಎಳೆನ ತುಂಡು ತುಂಡು ಮಾಡತ್ತೆ. ಒಂದು ತುಂಡು ಚೀಟಿ ನಕಲು ಮಾಡೋ ಯಂತ್ರ, ಒಂದು ಹೊಸ ಕವಚ, ಒಂದು ಗಿಡದ ರಕ್ಷಣೆನ ಕಟ್ಟಿಹಾಕೋದು. ಗಿಡಕ್ಕೂ ರಕ್ಷಣೆ ಇದೆ, ಕಳ್ಳ ಆರ್‌ಎನ್‌ಎ ಕಂಡ್ರೆ ಚೂರು ಚೂರು ಮಾಡತ್ತೆ, ಅದಕ್ಕೇ ಇದು ಅಡ್ಡಗಾಲು ಹಾಕೋದು.

ಈಗ ಆ ಪುಡಿ ಪೊಟ್ಟಣದ ವಿಷ್ಯ. ಅದು ಸ್ಟ್ರೆಪ್ಟೊಮೈಸಿನ್ ಥರದ್ದಾಗಿದ್ರೆ, ಅದು ಹಿಡ್ಕೊಳ್ಳೋದು ಬ್ಯಾಕ್ಟೀರಿಯಾದ ರೈಬೋಸೋಮನ್ನ. ವೈರಸ್ಸಿಗೆ ಸ್ವಂತ ರೈಬೋಸೋಮೇ ಇಲ್ಲ, ಹಿಡ್ಕೊಳ್ಳೋದಕ್ಕೆ ಏನಿದೆ? ಗಿಡದ ಆಳುಗಳನ್ನೇ ಕೆಲ್ಸಕ್ಕೆ ಹಚ್ಚಿರೋದು ಅದು. ಆಳುಗಳನ್ನ ಕೊಂದ್ರೆ ತೋಟನೇ ಹೋಯ್ತು.

ರೈಟರ್_ಸಿದ್ದಾಪುರ
ಮೇಡಂ ಮಧ್ಯದಲ್ಲಿ ರೈಟರ್ ಹೆಸ್ರು ಯಾಕೆ ತಂದ್ರಿ 😄 ನಾನು 22 ವರ್ಷದಿಂದ ಚೀಟಿ ಬರೀತಿದೀನಿ ಒಂದೂ ಕಳ್ಳ ಚೀಟಿ ಹೋಗಿಲ್ಲ.

ನನ್ನ ಪ್ರಶ್ನೆ, ಕತ್ತಿ. ಒಂದು ಬುಡದ ಒಣ ಸೋಗೆ ಕೊಯ್ದ ಕತ್ತಿಲೇ ಮುಂದಿನ ಬುಡಕ್ಕೆ ಹೋಗ್ತಾರೆ ನಮ್ಮೋರು. ಅದ್ರಿಂದ ಹರಡತ್ತಾ? ದಣಿಗಳು ಕತ್ತಿ ಡೆಟಾಲಲ್ಲಿ ಅದ್ದಿ ಅಂತಾರೆ, ಇಡೀ ಗ್ಯಾಂಗ್ ನಗ್ತದೆ.

ಸೂಕ್ಷ್ಮದರ್ಶಕಿ
ಕಟ್ಟೆ ಕತ್ತಿಯಿಂದ ಹರಡಲ್ಲ ಅಣ್ಣ, ಮಣ್ಣಿಂದಲೂ ಇಲ್ಲ, ಬೀಜದಿಂದಲೂ ಇಲ್ಲ. ಹೇನು, ಇಲ್ಲಾಂದ್ರೆ ರೋಗದ ಗಡ್ಡೆ, ಎರಡೇ ದಾರಿ. ಆದ್ರೆ ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಕೈಯಿಂದ, ಬಟ್ಟೆಯಿಂದ, ಕತ್ತಿಯಿಂದೆಲ್ಲ ಹರಡತ್ತೆ, ಅದು ಗಟ್ಟಿ ಪಿಂಡ. ಹುಣಸೂರು ಪಿರಿಯಾಪಟ್ಟಣ ಕಡೆ ಹೊಗೆಸೊಪ್ಪು ಬೆಳೆಯೋರಿಗೆ ಗೊತ್ತಿರತ್ತೆ. ಅಂದಹಾಗೆ ಪ್ರಪಂಚದಲ್ಲಿ ಮೊದಲು ಪತ್ತೆಯಾದ ವೈರಸ್ಸೇ ಅದು, ಮನುಷ್ಯರದ್ದಲ್ಲ. 1892ರಲ್ಲಿ ರಷ್ಯಾದ ಇವಾನೋವ್‌ಸ್ಕಿ ರೋಗದ ಎಲೆ ರಸನ ಬ್ಯಾಕ್ಟೀರಿಯಾ ಕೂಡ ದಾಟದ ಪಿಂಗಾಣಿ ಫಿಲ್ಟರಲ್ಲಿ ಸೋಸಿದ್ರೂ ಆ ರಸ ರೋಗ ತರ್ತಿತ್ತು. 1898ರಲ್ಲಿ ಬೈಯರಿಂಕ್ ಇದು ಬೇರೆಯೇ ಜಾತಿ ಅಂದ್ರು, 1935ರಲ್ಲಿ ಸ್ಟ್ಯಾನ್ಲಿ ಅದನ್ನ ಉಪ್ಪಿನ ಹರಳಿನ ಥರ ಹರಳು ಮಾಡಿ ತೋರಿಸಿದ್ರು. ಹರಳಾಗಿ ಡಬ್ಬಿಲಿ ಇರೋದು ಎಲೆಗೆ ಉಜ್ಜಿದ್ರೆ ಮತ್ತೆ ರೋಗ! ಜೀವ ಇದೆ ಅನ್ಬೇಕಾ ಇಲ್ಲ ಅನ್ಬೇಕಾ, ನಾನಂತೂ ಓದೋವಾಗ ಎರಡು ದಿನ ತಲೆ ಕೆಡಿಸ್ಕೊಂಡಿದ್ದೆ.

ಕೊಡಗ್‌ಹುಡ್ಗ
ಅಕ್ಕ ಹಂಗಾದ್ರೆ ಹೇನು ಸಾಯಿಸಿದ್ರೆ ಆಯ್ತಲ್ಲ? ಒಳ್ಳೆ ಕೀಟನಾಶಕ ಹೊಡೆದ್ರೆ ಹೇನೂ ಇಲ್ಲ ವೈರಸ್ಸೂ ಇಲ್ಲ. ಸಿಂಪಲ್.

ಸೂಕ್ಷ್ಮದರ್ಶಕಿ
ಎಲ್ಲರೂ ಎಡವೋದು ಇಲ್ಲೇ, ನಾನೂ ಮೊದ್ಲು ಹಾಗೇ ಅಂದ್ಕೊಂಡಿದ್ದು.

ಬಾಳೆ ಮತ್ತೆ ಏಲಕ್ಕಿ ಎರಡನ್ನೂ ನೋಡಿ. ಬಾಳೆಗೆ ಗೊಂಚಲು ತುದಿ ರೋಗ ಬರತ್ತಲ್ಲ, ಎಲೆಗಳೆಲ್ಲ ತುದೀಲಿ ಪೊರಕೆ ಥರ ನಿಮಿರಿ ನಿಲ್ಲೋದು, ಅದೂ ವೈರಸ್ಸೇ, ಅದನ್ನ ತರೋದೂ ಹೇನೇ. ಬಾಳೆ ಹೇನು, ಏಲಕ್ಕಿ ಹೇನು ಅಣ್ಣ ತಮ್ಮಂದಿರ ಥರ, ಬರಿಗಣ್ಣಿಗೆ ಎರಡೂ ಒಂದೇ, ಕಂದುಗಪ್ಪು. ಆದ್ರೆ ಬಾಳೆ ವೈರಸ್ ಹತ್ತಬೇಕಾದ್ರೆ ಹೇನು ಗಂಟೆಗಟ್ಟಲೆ ಕೂತು ರಸ ಹೀರ್ಬೇಕು, ವೈರಸ್ ಹೊಟ್ಟೆಗೆ ಹೋಗಿ ರಕ್ತಕ್ಕೆ ಇಳಿದು ಜೊಲ್ಲಿಗೆ ಬರ್ಬೇಕು, ಹಾಗೆ ಬಂದ್ಮೇಲೆ ದಿನಗಟ್ಟಲೆ ಅದು ವೈರಸ್ ಹೊತ್ತು ತಿರುಗತ್ತೆ. ಅಲ್ಲಿ ಕೀಟನಾಶಕಕ್ಕೆ ಅರ್ಥ ಇದೆ, ಮಧ್ಯೆ ಟೈಮ್ ಸಿಗತ್ತೆ.

ಕಟ್ಟೆ ಹಾಗಲ್ಲ. ವೈರಸ್ ಹೊಟ್ಟೆಗೇ ಹೋಗಲ್ಲ, ಸೂಜಿ ಬಾಯಿಗೆ ಅಂಟ್ಕೊಂಡಿರತ್ತೆ ಅಷ್ಟೇ. ರೆಕ್ಕೆ ಇರೋ ಹೇನು ಒಂದು ಗಿಡದ ಮೇಲೆ ಕೂತ್ಕೊಂಡು ಇದು ನನ್ನ ಊಟ ಹೌದೋ ಅಲ್ವೋ ಅಂತ ಒಂದ್ಸಲ ಚುಚ್ಚಿ ರುಚಿ ನೋಡತ್ತೆ, ಹಿಡಿಸಲಿಲ್ಲ ಅಂದ್ರೆ ಹಾರತ್ತೆ, ಮುಂದಿನದ್ರಲ್ಲಿ ಮತ್ತೆ ಚುಚ್ಚತ್ತೆ. ಆ ಚುಚ್ಚುವಿಕೆ ಸಾಕು, ಕೆಲ್ಸ ಮುಗೀತು. ನೀವು ಹೊಡೆದ ವಿಷ ಹೇನಿನ ಹೊಟ್ಟೆಗೆ ಹೋಗಿ ಅದು ಸಾಯೋಷ್ಟ್ರಲ್ಲಿ ಚೀಟಿ ಒಳಗೆ ತಲುಪಿರತ್ತೆ. ಕೆಲವು ಔಷಧಿ ಹೊಡೆದಾಗ ಹೇನು ಗಾಬರಿಯಾಗಿ ಇನ್ನೂ ನಾಲ್ಕು ಗಿಡ ಜಾಸ್ತಿ ಸುತ್ತತ್ತೆ, ಅದು ಇನ್ನೊಂದು ಕಷ್ಟ.

ಹೇನು ಕಮ್ಮಿ ಮಾಡೋದು ಬೇಡ ಅಂತಲ್ಲ. ಅವು ಗೂಡು ಮಾಡ್ಕೊಳ್ಳೋದು ಹಳೇ ಕಂದಿನ ಸಡಿಲ ಆಗಿರೋ ಒಣ ಸೋಗೆ ಸಂದಿಲಿ. ಗಂಡೇ ಬೇಕಿಲ್ಲ, ಹೆಣ್ಣು ಮೊಟ್ಟೆನೂ ಇಡದೆ ನೇರ ಮರಿ ಹಾಕತ್ತೆ, ಜನ ಜಾಸ್ತಿ ಆಯ್ತು ಅಂದ್ರೆ ರೆಕ್ಕೆ ಇರೋ ಮರಿ ಹುಟ್ಟತ್ತೆ. ಸೋಗೆ ಬಿಡಿಸಿ ಬುಡ ಗಾಳಿಯಾಡೋ ಹಾಗೆ ಇಟ್ರೆ ಅರ್ಧ ಕೆಲ್ಸ ಆಯ್ತು. ಹೇನಿಗೇ ರೋಗ ತರೋ ಬಿವೇರಿಯಾ ಶಿಲೀಂಧ್ರ, ಬೇವು, ಇವೆಲ್ಲ ಸಂಖ್ಯೆ ಇಳಿಸೋಕೆ ಪರವಾಗಿಲ್ಲ.

ಮಲೆತೋಟ
ಮೇಡಂ ನೀವು ಬರೆದದ್ದು ಓದಿ ನಿನ್ನೆ ಸಾಯಂಕಾಲ ಲೆನ್ಸ್ ತಗೊಂಡು ಹೋದೆ (ಮಗಳ ಸ್ಕೂಲ್ ಕಿಟ್‌ದು). ಸೋಗೆ ಎಳೆದ್ರೆ ಒಳಗಡೆ ಸಾಸಿವೆ ಚೆಲ್ಲಿದ ಹಾಗೆ ಇದ್ವು. ಪಕ್ಕದಲ್ಲಿ ಇರುವೆ ಸಾಲು. ಮೈ ಜುಂ ಅಂತು.

ಇನ್ನೊಂದು ಡೌಟು. ರೋಗದ ಎಲೆ ಕಾಣೋ ಕಂದು ಮಾತ್ರ ತೆಗೆದು ಬುಡ ಉಳಿಸ್ಕೊಳ್ಳೋಕಾಗಲ್ವಾ? ಪಕ್ಕದ ಕಂದು ಚೆನ್ನಾಗೇ ಇದೆ ನೋಡೋಕೆ.

ಸೂಕ್ಷ್ಮದರ್ಶಕಿ
ಆಗಲ್ಲ. ಗಿಡದ ಒಂದು ಕೋಶಕ್ಕೂ ಪಕ್ಕದ ಕೋಶಕ್ಕೂ ಮಧ್ಯೆ ಸಣ್ಣ ಸಣ್ಣ ಕಿಂಡಿ ಇರತ್ತೆ, ವೈರಸ್ ಆ ಕಿಂಡಿನ ಅಗಲ ಮಾಡಿ ಒಂದೊಂದೇ ಮನೆ ದಾಟ್ಕೊಂಡು ಹೋಗಿ ಆಹಾರ ಸಾಗಿಸೋ ನಾಳಕ್ಕೆ ಬೀಳತ್ತೆ, ಅಲ್ಲಿಂದ ಬಸ್ ಹತ್ತಿದ ಹಾಗೆ ನೇರ ಗಡ್ಡೆಗೆ. ಆ ಗಡ್ಡೆಯಿಂದ ಬರೋ ಪ್ರತಿ ಕಂದೂ ರೋಗ ಹೊತ್ತೇ ಬರತ್ತೆ. ಲಕ್ಷಣ ಕಾಣೋಕೆ ಮಾತ್ರ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ನೀವು ನೋಡ್ತಿರೋ ಆ ಚೆನ್ನಾಗಿರೋ ಕಂದು ಸರದಿಲಿ ನಿಂತಿದೆ ಅಷ್ಟೇ.

ಕಿತ್ತಳೆಕಾಲ
ನಾನು ಹಳಬ, ಕೊಡಗಿನ ಕಿತ್ತಳೆ ಲಾರಿ ಲಾರಿ ಹೋಗ್ತಿದ್ದ ಕಾಲ ಕಂಡವ. ಕಾಫಿ ಮಧ್ಯೆ ಕಿತ್ತಳೆ, ಡಿಸೆಂಬರ್ ಜನವರಿಲಿ ಇಡೀ ಊರು ಸಿಪ್ಪೆ ವಾಸನೆ. ಈಗ ಮನೆಗೆ ಬಂದೋರಿಗೆ ಕೊಡೋಕೆ ನಾಗಪುರದ್ದು ತರ್ಬೇಕು. ಆಗ ಯಾರಿಗೂ ಯಾಕೆ ಒಣಗ್ತಿದೆ ಅಂತ ಗೊತ್ತಾಗ್ಲಿಲ್ಲ, ಶಾಪ ಅಂದೋರೂ ಇದ್ರು. ಆಮೇಲೆ ಚೆಟ್ಟಳ್ಳಿ ತೋಟಗಾರಿಕೆ ಸಂಶೋಧನಾ ಕೇಂದ್ರದೋರು ಬಂದು ಟ್ರಿಸ್ಟೆಜಾ ವೈರಸ್ ಅಂದ್ರು, ಗ್ರೀನಿಂಗ್ ಅಂದ್ರು, ಬೇರು ಕೊಳೆ ಅಂದ್ರು. ಒಂದಲ್ಲ, ಎಲ್ಲ ಸೇರಿ ಹೊಡೆದದ್ದು. ಅದಕ್ಕೂ ಹೇನೇ ಅಲ್ವಾ ಮೇಡಂ ವಾಹಕ?

ಸೂಕ್ಷ್ಮದರ್ಶಕಿ
ಹೌದು ಅಂಕಲ್, ಟ್ರಿಸ್ಟೆಜಾ ವೈರಸ್ ಹೇನಿಂದ, ಮತ್ತೆ ಕಸಿ ಕಡ್ಡಿಯಿಂದ. ಗ್ರೀನಿಂಗ್ ವೈರಸ್ ಅಲ್ಲ ಬ್ಯಾಕ್ಟೀರಿಯಾ, ಅದನ್ನ ತರೋದು ಸಿಲ್ಲಿಡ್ ಅನ್ನೋ ಇನ್ನೊಂದು ಹುಳ. ಕಸಿ ಕಡ್ಡಿ ಅಂದ್ರೆ ಹೇನಿಗಿಂತ ದೊಡ್ಡ ವಾಹಕ ಮನುಷ್ಯನೇ, ಹೇನು ಒಂದು ತೋಟ ದಾಟೋಷ್ಟ್ರಲ್ಲಿ ನಾವು ಜೀಪಲ್ಲಿ ಹಾಕ್ಕೊಂಡು ತಾಲೂಕು ದಾಟಿಸ್ತೀವಿ. ಕರಿಮೆಣಸಿನ ಬಳ್ಳಿ ಕುಂಠಿತ ರೋಗನೂ ಹಾಗೇ, ರೋಗದ ಬಳ್ಳಿಯಿಂದ ಕಡ್ಡಿ ಕೊಯ್ದು ನೂರು ಪ್ಯಾಕೆಟ್ ಮಾಡಿದ್ರೆ ನೂರೂ ರೋಗಿಗಳು.

ಟ್ರಿಸ್ಟೆಜಾಗೆ ಬ್ರೆಜಿಲಲ್ಲಿ ಒಂದು ಉಪಾಯ ಮಾಡಿದ್ರು. ವೈರಸ್ಸಿನ ಸೌಮ್ಯ ತಳಿನ ಬೇಕಂತಲೇ ಗಿಡಕ್ಕೆ ಹತ್ತಿಸಿ ನೆಟ್ರು, ಅದು ಒಳಗೆ ಜಾಗ ಹಿಡಿದಿದ್ರೆ ಉಗ್ರ ತಳಿಗೆ ಒಳಗೆ ಬರೋಕಾಗಲ್ಲ. ನಮ್ಮ ವ್ಯಾಕ್ಸಿನ್ ನೆನಪಾಗತ್ತೆ, ಆದ್ರೆ ಗಿಡಕ್ಕೆ ನಮ್ಮ ಥರ ಆಂಟಿಬಾಡಿ ಇಲ್ಲ, ಒಳಗಿನ ಲೆಕ್ಕಾಚಾರ ಬೇರೆ.

ಕೊಡಗ್‌ಹುಡ್ಗ
ಒಂದು ದಡ್ಡ ಪ್ರಶ್ನೆ. ಕಟ್ಟೆ ಬಂದ ಗಿಡದ ಏಲಕ್ಕಿ ಪಾಯಸಕ್ಕೆ ಹಾಕಿದ್ರೆ ನಮಗೆ ಏನಾದ್ರೂ ಆಗತ್ತಾ? ಅಜ್ಜಿ ಕೇಳ್ತಿದಾರೆ (ನಾನಲ್ಲ).

ಸೂಕ್ಷ್ಮದರ್ಶಕಿ
ಅಜ್ಜಿಗೆ ಹೇಳಿ ಆರಾಮಾಗಿ ಹಾಕ್ಲಿ 😄 ಪ್ರಾಣಿಗಳ ವೈರಸ್ಸಿಗೆ ನಮ್ಮ ಕೋಶದ ಮೈಮೇಲಿರೋ ಒಂದು ಬೀಗಕ್ಕೆ ಹೊಂದೋ ಕೀಲಿ ಇರ್ಬೇಕು, ಫ್ಲೂ ಆಗ್ಲಿ ಕೊರೊನಾ ಆಗ್ಲಿ ಹಾಗೇ ಒಳಗೆ ಬರೋದು. ಗಿಡದ ವೈರಸ್ ಹತ್ರ ಆ ಕೀಲಿನೇ ಇಲ್ಲ, ಗಿಡದ ಕೋಶಕ್ಕೆ ಗಟ್ಟಿ ಗೋಡೆ ಇರೋದ್ರಿಂದ ಅಲ್ಲಿ ಬೀಗ ತೆಗೆದು ಬರೋ ಪದ್ಧತಿನೇ ಇಲ್ಲ, ಯಾರಾದ್ರೂ ಗೋಡೆಗೆ ತೂತು ಕೊರೆದು ಕೊಡ್ಬೇಕು. ಆ ಕೊರೆಯೋನೇ ಹೇನು.

ರೈಟರ್_ಸಿದ್ದಾಪುರ
ಹಂಗಾದ್ರೆ ಮಂಗನ ಕಾಯಿಲೆ? ಅದು ಮಂಗಕ್ಕೂ ಬರತ್ತೆ ನಮಗೂ ಬರತ್ತೆ.

ಸೂಕ್ಷ್ಮದರ್ಶಕಿ
ಅದರ ಕೀಲಿ ಎರಡೂ ಕಡೆ ಹೊಂದತ್ತೆ, ದುರದೃಷ್ಟ. 1957ರಲ್ಲಿ ಸೊರಬ ತಾಲೂಕು ಕ್ಯಾಸನೂರು ಕಾಡಲ್ಲಿ ಪತ್ತೆಯಾದದ್ದು, ಹರಡೋದು ಉಣುಗಿಂದ. ಮನುಷ್ಯರಿಂದ ಮನುಷ್ಯರಿಗೆ ಅದು ದಾಟಲ್ಲ, ನಮ್ಮಲ್ಲಿಗೆ ಬಂದ್ರೆ ಅದಕ್ಕೆ ಮುಂದೆ ರಸ್ತೆ ಇಲ್ಲ. ಕಾಡಿಗೆ ಹೋಗಿ ಬಂದ್ರೆ ಮೈ ನೋಡ್ಕೊಂಡು ಉಣುಗು ತೆಗೀರಿ, ಸತ್ತ ಮಂಗ ಕಂಡ್ರೆ ಮುಟ್ಟದೆ ಆರೋಗ್ಯ ಇಲಾಖೆಗೆ ಫೋನ್ ಮಾಡಿ.

ಹಂದಿಗೂಡು
ಪೊನ್ನಂಪೇಟೆ ಕಡೆಯವ, ಹಂದಿ ಸಾಕ್ತಿದ್ದೆ. "ಸಾಕ್ತಿದ್ದೆ" ಅಂತ ಬರೀತಿದೀನಿ ನೋಡಿ, ಈಗಿಲ್ಲ. ಆಫ್ರಿಕನ್ ಹಂದಿ ಜ್ವರ ಬಂದು ಎಂಟೊಂಬತ್ತು ದಿನದಲ್ಲಿ ಗೂಡು ಖಾಲಿ. ಮೊದಲ ದಿನ ಒಂದು ಹೆಣ್ಣು ಹಂದಿ ಮೇವು ಮುಟ್ಟಲಿಲ್ಲ, ಮೈ ಕೆಂಡ. ಮೂರನೇ ದಿನ ಕಿವಿ ನೇರಳೆ ಬಣ್ಣಕ್ಕೆ ತಿರುಗಿತು, ಹೊಟ್ಟೆ ಕೆಳಗೂ ಹಾಗೇ. ಡಾಕ್ಟ್ರು ಬಂದು ಬಾಗಿಲಲ್ಲೇ ನಿಂತ್ರು, ಒಳಗೆ ಬರ್ಲಿಲ್ಲ, ಆಗಲೇ ಗೊತ್ತಾಯ್ತು ನನಗೆ. ಆಮೇಲೆ ಉಳಿದದ್ದನ್ನೂ ಕೊಂದು ಸುಣ್ಣ ಹಾಕಿ ಹೂತ್ರು. ನಾನು ಹೊರಗೆ ಕೂತಿದ್ದೆ.

ಅದು ಬಂದದ್ದು ಹೇಗೆ ಅಂತ ನನಗೆ ಗೊತ್ತು. ಹೋಟೆಲ್ ಮುಸುರೆ. ಬೇಯಿಸದೆ ಹಾಕಿದ್ದು ನಂದೇ ತಪ್ಪು, ಸೌದೆ ಉಳಿಸೋಕೆ ಹೋದೆ. ಮಾಂಸದಲ್ಲಿ ಆ ವೈರಸ್ ಫ್ರಿಜ್ಜಲ್ಲಿಟ್ರೂ ತಿಂಗಳುಗಟ್ಟಲೆ ಇರ್ತದಂತೆ, ಚೆನ್ನಾಗಿ ಬೇಯಿಸಿದ್ರೆ ಮಾತ್ರ ಹೋಗೋದು. ಮನುಷ್ಯರಿಗೆ ಏನೂ ಆಗಲ್ಲ, ಆದ್ರೆ ತಿಂದು ಬಿಸಾಕಿದ ಎಲುಬು ಸಾಕು ಹಂದಿಗೆ. ಏಲಕ್ಕಿಗೆ ಹೇನು, ಹಂದಿಗೆ ಹೇನೂ ಬೇಕಿಲ್ಲ, ನಮ್ಮ ಬಕೆಟ್ಟೇ ಸಾಕು.

ಕಾಫಿಕಣ
ಓದಿ ಬೇಜಾರಾಯ್ತು ಮಾರಾಯ್ರೇ. ಪರಿಹಾರ ಏನಾದ್ರೂ ಬಂತಾ?

ಹಂದಿಗೂಡು
ಅದನ್ನ ಇಲ್ಲಿ ಮಾತಾಡೋದು ಬೇಡ ಅಣ್ಣ, ಬಿಪಿ ಜಾಸ್ತಿ ಆಗ್ತದೆ.

ಸೂಕ್ಷ್ಮದರ್ಶಕಿ
ತಪ್ಪು ನಿಮ್ದು ಒಬ್ರದ್ದೇ ಅಂತ ಅಂದ್ಕೋಬೇಡಿ ಅಣ್ಣ. ಆ ವೈರಸ್ ಹಂದಿ ರಕ್ತದಲ್ಲಿ ಕಸ ಗುಡಿಸೋ ಕೋಶಗಳಿಗೇ ನುಗ್ಗತ್ತೆ, ಅಂದ್ರೆ ಕಾವಲುಗಾರನ ಮನೆಯಲ್ಲೇ ಮರಿ ಮಾಡತ್ತೆ. ಆ ಕೋಶಗಳು ಸಾಯ್ತಾ ಒಳಗಿನದೆಲ್ಲ ರಕ್ತಕ್ಕೆ ಚೆಲ್ಲತ್ತೆ, ರಕ್ತನಾಳ ಸೋರೋಕೆ ಶುರು, ನೀವು ನೋಡಿದ ನೇರಳೆ ಬಣ್ಣ ಅದೇ. ಏಲಕ್ಕಿಲಿ ಹೀಗೆ ಸಿಡಿಯಲ್ಲ, ಕಟ್ಟೆ ಗಿಡನ ಒಂದೇ ಸಲ ಕೊಲ್ಲಲ್ಲ, ಹಸಿರು ಕಿತ್ಕೊಂಡು, ಆಳುಗಳನ್ನ ತನ್ನ ಕೆಲ್ಸಕ್ಕೆ ಹಚ್ಕೊಂಡು ನಿಧಾನ ಸೊರಗಿಸತ್ತೆ. ಕಾಯಿ ಬಿಡೋ ಮೊದ್ಲೇ ಹತ್ತಿದ್ರೆ ಆ ಬುಡದಿಂದ ಹೇಳ್ಕೊಳ್ಳೋ ಫಸಲು ಬರೋದೇ ಇಲ್ಲ. ಮಾಲೀಕರು ನಾಳೆ ಕೀಳೋಣ ಅಂತ ಮುಂದೆ ಹಾಕೋದಕ್ಕೂ ಇದೇ ಕಾರಣ, ಗಿಡ ನಿಂತೇ ಇರತ್ತಲ್ಲ.

ಮಲೆತೋಟ
ಐದು ದಿನ ಆದ್ಮೇಲೆ ಬರೀತಿದೀನಿ. ಬಾಟ್ಲಿ ಹೊಡೀಲಿಲ್ಲ. ಅಂಗಡಿಯವ್ರು ವಾಪಸ್ ತಗೊಳ್ಳಲಿಲ್ಲ, ಶೆಡ್ಡಲ್ಲಿದೆ.

ಸಾಲು ಸಾಲು ನಡೆದು ಪ್ರತಿ ಬುಡದ ಸುಳಿ ಎಲೆ ನೋಡಿ ಸುಣ್ಣದ ಗುರುತು ಹಾಕಿದ್ವಿ. ಇಪ್ಪತ್ತು ಅಂದ್ಕೊಂಡಿದ್ದು 63 ಆಯ್ತು. ಒಂದು ವಿಷ್ಯ ನೋಡಿ, ಗುರುತು ಎಲ್ಲ ಒಂದೇ ಕಡೆ ಗುಂಪು ಕಟ್ಟಿದ ಹಾಗೆ, ಹೋದ ವರ್ಷದ ಹೊಸ ಕಂದು ಇಟ್ಟ ತುಂಡು ಮಧ್ಯೆ, ಸುತ್ತ ಹಳೇ ಗಿಡಗಳು. ಅದನ್ನ ನೋಡಿದ ಕೂಡ್ಲೇ ನಮ್ಮ ಮನೆಯವಳು ಸುಮ್ಮನಾದ್ಲು. ಆ ಕಂದು ಬಂದದ್ದು ಅವಳ ತವರಿಂದ. ಮಾವ ಆಯ್ದು ಆಯ್ದು ಒಳ್ಳೆ ಗಡ್ಡೆ ಗೋಣಿಲಿ ಕಟ್ಟಿ ಕೊಟ್ಟಿದ್ರು, ನಾನೇ ಜೀಪಲ್ಲಿ ಹಾಕ್ಕೊಂಡು ಬಂದದ್ದು. ಮೇಡಂ ಹೇಳಿದ ವಾಹಕ ಯಾರು ಅಂತ ಆಗ ಗೊತ್ತಾಯ್ತು.

ಬುಡ ಎಲ್ಲ ಗಡ್ಡೆ ಸಮೇತ ಕಿತ್ತು ತೋಟದಾಚೆ ಒಯ್ದು ಹೂತೆ. ಕೀಳೋ ಮೊದ್ಲು ಹೇನಿಗೆ ಬೇವು ಹೊಡ್ಸಿದ್ದೆ, ಇಲ್ಲಾಂದ್ರೆ ಗಿಡ ಬಾಡಿದ ತಕ್ಷಣ ಎಲ್ಲ ಎದ್ದು ಪಕ್ಕದ ಗಿಡಕ್ಕೆ ಹೋಗ್ತಿದ್ವು ಅನ್ಸತ್ತೆ.

ಸೂಕ್ಷ್ಮದರ್ಶಕಿ
ಅದು ಒಳ್ಳೇದು ಮಾಡಿದ್ರಿ. ಆದ್ರೆ ಒಂದ್ಸಲಕ್ಕೆ ಮುಗಿಯಲ್ಲ, ತಿಂಗಳಿಗೊಂದ್ಸಲ ಸುತ್ತು ಹಾಕ್ತಾ ಇರಿ, ಸರದಿಲಿ ನಿಂತಿರೋವು ಇನ್ನೂ ಇವೆ. ತೋಟದ ಹತ್ರ ಕೆಸು ಇದ್ರೆ ಅದನ್ನೂ ತೆಗೀರಿ, ಆ ಹೇನಿಗೆ ಕೆಸು ಅಂದ್ರೆ ಪ್ರಾಣ. ಮತ್ತೆ ಹೊಸದು ನೆಡೋದಾದ್ರೆ ಬೀಜದ ಸಸಿ ನೆಡಿ, ಬೀಜದಲ್ಲಿ ಕಟ್ಟೆ ಬರಲ್ಲ ಅಂದ್ನಲ್ಲ, ನರ್ಸರಿ ಮಾತ್ರ ಹಳೇ ಏಲಕ್ಕಿಯಿಂದ ದೂರ ಇರ್ಲಿ. ಅಪ್ಪಂಗಳದ ಸಾಂಬಾರ ಬೆಳೆ ಸಂಶೋಧನಾ ಕೇಂದ್ರದಲ್ಲಿ ವಿಜೇತ ಅಂತ ಕಟ್ಟೆ ತಡ್ಕೊಳ್ಳೋ ತಳಿನೇ ಇದೆ, ನಿಮ್ಮ ಹತ್ರಾನೇ ಇರೋದು ಒಂದ್ಸಲ ಹೋಗಿ ಕೇಳಿ.

ಮಲೆತೋಟ
ಅಪ್ಪಂಗಳಕ್ಕೆ ಸೋಮವಾರ ಹೋಗ್ತೀನಿ. ಕೆಸುವಿನ ವಿಷ್ಯಕ್ಕೆ ಮನೇಲಿ ಯುದ್ಧ ಆಯ್ತು. ಅಮ್ಮ ಕೆಸು ಕೀಳೋಕೆ ಸುತಾರಾಂ ಬಿಡಲ್ಲ, ಮಳೆಗಾಲಕ್ಕೆ ಸಾರಿಗೆ ಏನ್ ಮಾಡ್ತೀರಿ ಅಂತ. ಕೊನೆಗೆ ಅದೇ ಲೆನ್ಸ್ ಕೈಗೆ ಕೊಟ್ಟು ಎಲೆ ಮಗುಚಿ ತೋರಿಸ್ದೆ. ಒಂದು ನಿಮಿಷ ನೋಡಿದ್ರು, "ಇಷ್ಟು ವರ್ಷ ಇದನ್ನೇ ತೊಳ್ದು ತಿಂದದ್ದಾ" ಅಂದ್ರು. ತೋಟದ ಅಂಚಿಂದು ಕಿತ್ತಾಯ್ತು, ಬಚ್ಚಲ ಹಿಂದೆ ಇರೋದಕ್ಕೆ ಮಾತ್ರ ಕೈ ಹಾಕ್ಬೇಡ ಅಂತ ಆಜ್ಞೆ.

ಕಿತ್ತಳೆಕಾಲ
ಮಾವನಿಗೆ ಹೇಳಿದ್ರಾ?

ಮಲೆತೋಟ
ಇಲ್ಲ ಅಂಕಲ್. ಪುತ್ತರಿ ಹಬ್ಬಕ್ಕೆ ಅಲ್ಲಿಗೇ ಹೋಗ್ಬೇಕು, ಆಗ ಕಾಫಿ ಕುಡಿದ್ಮೇಲೆ ತೋಟ ನೋಡ್ತೀನಿ ಅಂತ ಒಂದು ಸುತ್ತು ಹೋಗಿ ಅವ್ರ ಗಿಡದ ಎಲೆ ನೋಡ್ಕೊಂಡು ಆಮೇಲೆ ಮೆಲ್ಲಗೆ ಮಾತು ತೆಗೀಬೇಕು. ಪ್ರತಿ ಸಲ ಬರೋವಾಗ ಜೀಪಿಗೆ ಏನಾದ್ರೂ ತುಂಬಿಸದೆ ಕಳ್ಸಲ್ಲ ಅವ್ರು, ಕಂದು ಬೇಡ ಅಂತ ಹೇಗೆ ಹೇಳೋದು ಅನ್ನೋದೇ ಈಗ ದೊಡ್ಡ ಯೋಚ್ನೆ.

ಹಂದಿಗೂಡು
ಕಂದು ಬೇಡ ಅನ್ನಿ, ಪಂದಿ ಕರಿ (ಹಂದಿ ಸಾರು) ಕಟ್ಟಿ ಕೊಟ್ರೆ ತನ್ನಿ. ಎಲುಬು ಮಾತ್ರ ನಮ್ಮ ಕಡೆ ದಾರಿಲಿ ಬಿಸಾಡ್ಬೇಡಿ, ಮುಂದಿನ ತಿಂಗಳು ಎರಡು ಮರಿ ತರ್ತಿದೀನಿ.